ಐದು ಕಾಲಿನ ಪೆಟ್ಟಿಗೆ

ನಮ್ಮೂರಿನ ಪೆಟ್ಟಿಗೆಗೆ ಐದು ಕಾಲು. ನಂಬದವರು ಬಂದು ಎಣಿಸಿಕೊಳ್ಳಬಹುದಿತ್ತು, ಯಾರೂ ಬೇಡ ಅನ್ನುತ್ತಿರಲಿಲ್ಲ. ಪೆಟ್ಟಿಗೆ ಅಂದರೆ ಪಟ ತೆಗೆಯುವ ಪೆಟ್ಟಿಗೆ. ಮುಂದೆ ಗಾಜಿನ ಕಣ್ಣು, ಹಿಂದೆ ಮೊಣಕಾಲಿನವರೆಗೆ ಇಳಿಬಿದ್ದ ಕರಿಬಟ್ಟೆ. ಮುಂದಿನ ಮೂರು ಕಾಲು ಬೀಟೆ ಮರದ್ದು, ತುದಿಗೆ ಹಿತ್ತಾಳೆ ಕಟ್ಟು. ಹಿಂದಿನ ಎರಡು ಕಾಲು ಕರಿಬಟ್ಟೆಯ ಅಂಚಿನಿಂದ ಕೆಳಗೆ ಬರುತ್ತಿದ್ದವು. ಅವಕ್ಕೆ ಚಪ್ಪಲಿ ಇತ್ತು, ಹಿಮ್ಮಡಿ ಒಡೆದಿತ್ತು, ಬೆರಳಿಗೆ ಕಾಲುಂಗುರ ಇತ್ತು. ಹಸುವಿಗೆ ನಾಲ್ಕು ಕಾಲು, ಕೋಳಿಗೆ ಎರಡು ಕಾಲು, ಪೆಟ್ಟಿಗೆಯವರಿಗೆ ಐದು ಕಾಲು ಅಂತ ಶಾಲೆಯಲ್ಲಿ ಮಕ್ಕಳು ಮೊದಲ ದಿನವೇ ರಾಗವಾಗಿ ಹೇಳುತ್ತಿದ್ದವು.

ಕರಿಬಟ್ಟೆಯ ಕೆಳಗಿರುವುದೆಲ್ಲ ಪೆಟ್ಟಿಗೆ. ಇದು ನಮ್ಮೂರಿನ ಕಟ್ಟಳೆ. ಹಿಂದೆ ಬೇರೆ ಕಟ್ಟಳೆಗಳೂ ಇದ್ದವಂತೆ. ಯಾರೂ ಪಾಲಿಸದೆ ಅವು ಸತ್ತುಹೋದವು, ಇದೊಂದು ಉಳಿಯಿತು.

ನಾನು ಆ ಕಾಲು ತೊಳೆಯುವವಳು. ನನಗಿಂತ ಮೊದಲು ನಮ್ಮತ್ತೆ ತೊಳೆಯುತ್ತಿದ್ದಳು, ಅವಳಿಗಿಂತ ಮೊದಲು ಅವಳ ಅತ್ತೆ. ಸೋಮವಾರ ಬೆಳಿಗ್ಗೆ ಪಟದ ಮನೆಯ ಬಾಗಿಲು ತೆಗೆದ ಕೂಡಲೇ ನಾನು ತಂಬಿಗೆ ಹಿಡಿದು ಒಳಗೆ ಹೋಗಬೇಕು. ಮೊದಲನೆಯ ಕಾಲಿಗೆ ಎಣ್ಣೆ, ಎರಡನೆಯ ಕಾಲಿಗೆ ಎಣ್ಣೆ, ಮೂರನೆಯ ಕಾಲಿಗೆ ಎಣ್ಣೆ. ನಾಲ್ಕನೆಯ ಕಾಲಿಗೆ ಬಿಸಿನೀರು, ಐದನೆಯ ಕಾಲಿಗೆ ಬಿಸಿನೀರು. ಕೊನೆಗೆ ನಾಲ್ಕಕ್ಕೂ ಐದಕ್ಕೂ ಅರಿಶಿನ. ಊರಿನವರು ಕೈಮುಗಿದು ನಿಂತಿರುತ್ತಿದ್ದರು. ಮರದ ಕಾಲು ತಣ್ಣಗಿರುತ್ತಿದ್ದವು, ಹಿಂದಿನವು ಬೆಚ್ಚಗೆ. ನಾಲ್ಕನೆಯದರ ಅಂಗಾಲು ಉಜ್ಜಿದರೆ ಮೇಲೆ ಬಟ್ಟೆಯೊಳಗೆ ಏನೋ ಕಿಸಕ್ಕನೆ ನಗುತ್ತಿತ್ತು. ನಾನು ಕೇಳಿಸದವಳ ಹಾಗೆ ಇದ್ದುಬಿಡುತ್ತಿದ್ದೆ. ಮೂವತ್ತು ವರ್ಷ ಕೇಳಿಸದವಳ ಹಾಗೆ ಇರುವುದು ಸುಲಭ ಅಂದುಕೊಳ್ಳಬೇಡಿ, ಅದಕ್ಕೂ ಅಭ್ಯಾಸ ಬೇಕು.

ಒಂದು ಸಲ ಸಂತೆಯಲ್ಲಿ ಅವೇ ಕಾಲು ಕಂಡೆ. ಅದೇ ಒಡೆದ ಹಿಮ್ಮಡಿ, ಅದೇ ಉಂಗುರ, ನಾನೇ ಹಚ್ಚಿದ ಅರಿಶಿನ. ನಾನು ತಲೆ ಎತ್ತಲಿಲ್ಲ. ಪೆಟ್ಟಿಗೆಯವರು ಬದನೆಕಾಯಿ ತಗೊಳ್ಳೋಕೆ ಬಂದಿದ್ದಾರೆ ಅಂದುಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ನಗಬೇಡಿ. ನಮ್ಮೂರಲ್ಲಿ ಹುಟ್ಟಿದ್ದರೆ ನೀವೂ ಹಾಗೇ ಅಂದುಕೊಳ್ಳುತ್ತಿದ್ದಿರಿ.

ಪೆಟ್ಟಿಗೆಯವರಿಗೆ ನಾವು ಏನು ಕಡಿಮೆ ಮಾಡಿದ್ದೆವು ಹೇಳಿ. ವರ್ಷಕ್ಕೊಂದು ಶಾಲು ಹೊದಿಸಿದೆವು. ಬಿರುದು ಕೊಟ್ಟೆವು. ಒಳಗಿನಿಂದ 'ಗದ್ದ ಮೇಲೆ, ಅಲುಗಾಡಬೇಡಿ' ಅಂತ ದನಿ ಬಂದರೆ ಪೆಟ್ಟಿಗೆಯವರು ಅಪ್ಪಣೆ ಕೊಡಿಸಿದರು ಅನ್ನುತ್ತಿದ್ದೆವು. ಸಂಜೆ ಪಟದ ಮನೆಗೆ ಬೀಗ ಬೀಳುತ್ತಿತ್ತು. ಮಾರನೆಯ ದಿನ ಹಿಂದಿನ ಕತ್ತಲಕೋಣೆಯ ಬಾಗಿಲ ಸಂದಿಯಿಂದ ಪಟ ಹೊರಗೆ ಬರುತ್ತಿತ್ತು. ತಿಂದದ್ದು ಅರಗಲು ಪೆಟ್ಟಿಗೆಯವರಿಗೂ ಒಂದು ದಿನ ಬೇಕಲ್ಲ ಅಂತ ನಾವು ಕಾಯುತ್ತಿದ್ದೆವು. ಕತ್ತಲಕೋಣೆಗೆ ಹಿತ್ತಲ ಕಡೆ ಒಂದು ಬಾಗಿಲಿತ್ತು. ಅದು ಕಸ ಹಾಕುವುದಕ್ಕೆ ಅಂತ ಎಲ್ಲರಿಗೂ ಗೊತ್ತಿತ್ತು.

ಪಟದ ಮನೆಯ ಗೋಡೆಯ ಮೇಲೆ ಹತ್ತೊಂಬತ್ತು ಸಾಲು ಪಟ. ಇಡೀ ಊರು ಅಲ್ಲಿದೆ, ಸತ್ತವರೂ ಇದ್ದವರೂ. ಆ ಪಟಗಳ ಮೇಲೆ ನಮ್ಮ ಪಂಡಿತರು ದಪ್ಪ ದಪ್ಪ ಪುಸ್ತಕ ಬರೆದಿದ್ದರು. ಗಾಜಿನ ಕಣ್ಣಿಗೊಬ್ಬ ಪಂಡಿತ, ಹಿತ್ತಾಳೆ ತಿರುಪಿಗೊಬ್ಬ ಪಂಡಿತ, ಪೆಟ್ಟಿಗೆಯವರ ಮನಸ್ಸಿಗೊಬ್ಬ ಪಂಡಿತ. ಅವರ ಪ್ರಕಾರ ಪೆಟ್ಟಿಗೆಯವರ ಬದುಕಿನಲ್ಲಿ ಮೂರು ಯುಗ. ಮೊದಲನೆಯದು ಪಾದಯುಗ, ಆ ಪಟಗಳಲ್ಲಿ ಯಾರ ಪಾದವೂ ಬಿಟ್ಟುಹೋಗಿಲ್ಲ. ಎರಡನೆಯದು ವಾಲುಯುಗ, ಆಗಿನ ಜನರೆಲ್ಲ ಎಡಕ್ಕೆ ಒಂಚೂರು ವಾಲಿದ್ದಾರೆ. ಅದು ಪೆಟ್ಟಿಗೆಯವರ ನಡುವಯಸ್ಸಿನ ದುಃಖವಂತೆ. ಮೂರನೆಯದು ನಗೆಯುಗ, ಈಗಿನದು. ಇನ್ನೇನು ನಕ್ಕೇಬಿಡುತ್ತಾರೆ ಅನ್ನುವ ಹಾಗೆ ಎಲ್ಲರೂ ಕೂತಿದ್ದಾರೆ. ಮುಪ್ಪಿನಲ್ಲಿ ಪೆಟ್ಟಿಗೆಯವರಿಗೆ ವೈರಾಗ್ಯ ಬಂದದ್ದೇ ಇದಕ್ಕೆ ಕಾರಣ ಅಂತ ಒಬ್ಬ ಬರೆದ, ಜೀರ್ಣಶಕ್ತಿ ಸುಧಾರಿಸಿದ್ದು ಕಾರಣ ಅಂತ ಇನ್ನೊಬ್ಬ ಬರೆದ. ಇಬ್ಬರೂ ಮಾತು ಬಿಟ್ಟರು.

ಈ ಪಟಗಳನ್ನು ದಿನಾ ಒರೆಸಲು ಒಬ್ಬಳಿದ್ದಳು. ಮೂವತ್ತರ ಹೆಂಗಸು, ಹೆಚ್ಚು ಮಾತಿಲ್ಲ, ಹೆಗಲ ಮೇಲೆ ಯಾವಾಗಲೂ ಒಂದು ಒದ್ದೆ ಬಟ್ಟೆ. ಅವಳಿಗೂ ಪಂಡಿತರಿಗೂ ವಾಲುಯುಗದ ವಿಷಯದಲ್ಲಿ ದಿನಾ ಮುಸುಕಿನ ಗುದ್ದಾಟ. ಒರೆಸುವಾಗ ಅವಳು ಜನರು ನೆಟ್ಟಗೆ ಕಾಣಲಿ ಅಂತ ಚೌಕಟ್ಟನ್ನು ಬಲಕ್ಕೆ ವಾಲಿಸುತ್ತಿದ್ದಳು. ಪಂಡಿತರು ಬಂದು ಚೌಕಟ್ಟನ್ನು ನೆಟ್ಟಗೆ ಮಾಡಿ ಜನರನ್ನು ವಾಲಿಸುತ್ತಿದ್ದರು. ಹತ್ತು ವರ್ಷ ಹೀಗೇ ನಡೆಯಿತು.

ಒಂದು ಸೋಮವಾರ ನಾನು ಅರಿಶಿನ ಹಚ್ಚಿ ಮುಗಿಸಿ ಹೊರಗೆ ಬಂದಾಗ ಒರೆಸುವವಳು ನನ್ನನ್ನು ಜಗುಲಿಯಲ್ಲಿ ತಡೆದಳು. ಅವಳ ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ.

"ಅಕ್ಕಾ, ನೋಡು. ಹೀಗೆ ನಿಂತರೆ ಊರೆಲ್ಲ ವಾಲುತ್ತೆ. ಹಿಂದಿನ ಎರಡು ಕಾಲಲ್ಲಿ ಒಂದು ಗಿಡ್ಡ ಇತ್ತಾ ಯಾವಾಗಲಾದರೂ?"

ನನಗೆ ಸಿಟ್ಟು ಬಂತು. ಕಾಲು ನನ್ನ ಇಲಾಖೆ, ಅವಳದು ಗೋಡೆ. "ನಿನ್ನ ಪಾಡಿಗೆ ನೀನು ಒರೆಸು" ಅಂದೆ. ಅವಳು ಹೋಗಲಿಲ್ಲ. ಒಂದೇ ಚಪ್ಪಲಿಯಲ್ಲಿ ನನ್ನ ಜೊತೆ ಮನೆಯವರೆಗೂ ಕುಂಟಿಕೊಂಡು ಬಂದಳು. ಬಾಗಿಲಲ್ಲಿ ನಿಂತಾಗ ನನ್ನ ಬಾಯಿಂದ ಮಾತು ಹೊರಬಿದ್ದೇಬಿಟ್ಟಿತು. ನಮ್ಮತ್ತೆಯ ಕಾಲದಲ್ಲಿ ನಾಲ್ಕನೆಯದು ಗಿಡ್ಡ ಇತ್ತು. ಸೋಮವಾರ ತೊಳೆಯುವಾಗ ಅದರ ಕೆಳಗೆ ಮಣೆಯ ಚೂರು ಇಡುತ್ತಿದ್ದಳಂತೆ. ಆ ಎರಡೂ ಗಂಡಸಿನ ಪಾದಗಳಂತೆ, ಕೂದಲಿತ್ತಂತೆ. ಅದಕ್ಕೂ ಮೊದಲು, ಅವಳ ಅತ್ತೆಯ ಕಾಲದಲ್ಲಿ, ಹೆಂಗಸಿನ ಪಾದಗಳಂತೆ, ಐದನೆಯ ಕಾಲಿಗೆ ಆರು ಬೆರಳು. ಪೆಟ್ಟಿಗೆಯವರು ಚಿಗುರಿದ್ದಾರೆ ಅಂತ ಊರಿನವರು ಆಗ ಪಾಯಸ ಹಂಚಿದ್ದರಂತೆ.

ಒರೆಸುವವಳು ಎಲ್ಲ ಕೇಳಿ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಆರು ಬೆರಳಿನವಳನ್ನು ಜನ ಯಾವಾಗಲೂ ಪಾದವೇ ನೋಡ್ತಿದ್ದರು ಅಕ್ಕ. ಅದಕ್ಕೆ ಅವಳೂ ಎಲ್ಲರ ಪಾದ ನೋಡಿದಳು. ಒಂದನ್ನೂ ಬಿಡಲಿಲ್ಲ. ಇದು ಯುಗ ಅಲ್ಲ. ಇವರು ಮೂರು ಜನ."

ನಾನು ಬಾಗಿಲು ಹಾಕಿಕೊಂಡೆ. ನನ್ನ ಕೈಯಲ್ಲಿ ಇನ್ನೂ ಅರಿಶಿನ ಇತ್ತು, ತೊಳೆದರೂ ಹೋಗಲಿಲ್ಲ.

ಪೆಟ್ಟಿಗೆಯ ಬಗ್ಗೆ ಸಂಶೋಧನೆ ಮಾಡುವವರಿಗೆ ಪಟದ ಮನೆಯ ಕಮಿಟಿ ವರ್ಷಕ್ಕೊಮ್ಮೆ ಸಹಾಯ ಕೊಡುತ್ತಿತ್ತು: ಕಿಟಕಿ ಪಕ್ಕದಲ್ಲಿ ಕುರ್ಚಿ, ಒಂದು ಭೂತಗನ್ನಡಿ, ಮೂರು ತಿಂಗಳು ಕೆಲಸದಿಂದ ಬಿಡುವು. ಒರೆಸುವವಳು ಅರ್ಜಿ ಹಾಕಿದಳು. ಅಧ್ಯಕ್ಷರು ಒಳ್ಳೆಯ ಮನುಷ್ಯರು, ಬೈಯಲಿಲ್ಲ, ಕೂರಿಸಿ ಮಾತಾಡಿಸಿದರು. ನಾನು ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ನಿಂತು ಎಲ್ಲ ಕೇಳಿಸಿಕೊಂಡೆ.

"ವಿಷಯ ಏನಮ್ಮ?"

"ಕರಿಬಟ್ಟೆಯ ಕೆಳಗೆ ಇದ್ದವರು."

"ಕರಿಬಟ್ಟೆಯ ಕೆಳಗೆ ಇರೋದು ಪೆಟ್ಟಿಗೆ."

"ಹೌದು ಸ್ವಾಮಿ. ಪೆಟ್ಟಿಗೆಯ ಹಿಂದೆ ನಿಂತಿದ್ದವರು."

"ಅವರ ಪಟ ಗೋಡೆ ಮೇಲೆ ಇದೆಯಾ?"

"ಇಲ್ಲ."

"ಪಟ ಇಲ್ಲದೆ ಇರೋರ ಮೇಲೆ ಹೇಗಮ್ಮ ಸಂಶೋಧನೆ ಮಾಡ್ತೀಯ? ಮೊದಲನೇ ಪುಟದಲ್ಲಿ ಏನು ಅಂಟಿಸ್ತೀಯ?"

"ಗೋಡೆ ಮೇಲಿರೋ ಪಟ ಎಲ್ಲಾ ಅವರದೇ ಸ್ವಾಮಿ."

"ನಾನೂ ನೋಡಿದೀನಿ, ನನ್ನ ಪಟವೂ ಇದೆ. ಅದರಲ್ಲಿ ನಾನು ಒಬ್ಬನೇ ಇದ್ದೀನಿ" ಅಂದರು ಅಧ್ಯಕ್ಷರು, ತುಂಬ ಮೃದುವಾಗಿ.

ಆ ವರ್ಷದ ಸಹಾಯ ತಿರುಪಿನ ಪಂಡಿತನಿಗೆ ಹೋಯಿತು. ತಿರುಪು ಬಲಕ್ಕೆ ತಿರುಗುತ್ತದೆ ಅಂತ ಅವನು ಹಿಂದಿನ ವರ್ಷವೇ ಸಾಧಿಸಿದ್ದ. ಈ ವರ್ಷ ಎಡಕ್ಕೆ.

ಒರೆಸುವವಳಿಗೆ ಬೇಕಾಗಿದ್ದದ್ದು ಕುರ್ಚಿಯಲ್ಲ, ಹೊತ್ತು. ಹತ್ತೊಂಬತ್ತು ಸಾಲು ಒರೆಸಿ ಮುಗಿಸುವಷ್ಟರಲ್ಲಿ ಬೀಗ ಹಾಕುವ ಹೊತ್ತಾಗುತ್ತಿತ್ತು. ಒರೆಸದಿದ್ದರೆ ಒಳಗೆ ಬಿಡುವುದಿಲ್ಲ. ಅವಳ ಮುಖ ನೋಡಲಾರದೆ, ನನಗೆ ನಂಬಿಕೆ ಇಲ್ಲದಿದ್ದರೂ, "ಎರಡು ಸಾಲು ನನಗೆ ಬಿಡು" ಅಂದೆ. ಒಂದು ವಾರದಲ್ಲಿ ಇಡ್ಲಿ ಮಾಡುವವಳು ಬಂದು ಮೂರು ಸಾಲು ತಗೊಂಡಳು. ಅವಳ ಸಾಲಿನ ಹಿರಿಯರೆಲ್ಲ ಅವತ್ತಿನಿಂದ ಚಟ್ನಿಯ ವಾಸನೆ ಹೊಡೆಯತೊಡಗಿದರು. ಕ್ಷೌರದವನು ಬಂದು ನಾಲ್ಕು ಸಾಲು ತಗೊಂಡ. ನಿನಗೇನಪ್ಪ ಬಂತು ಅಂತ ಕೇಳಿದ್ದಕ್ಕೆ ಅವನು ಸುತ್ತಮುತ್ತ ನೋಡಿ ದನಿ ತಗ್ಗಿಸಿದ.

"ಮದುವೆ ಪಟಕ್ಕೆ ಕೂತಾಗ ನಾನು ನಡುಗ್ತಾ ಇದ್ದೆ. ಪೆಟ್ಟಿಗೆಯವರು ನನಗೊಬ್ಬನಿಗೇ ಕೇಳೋ ಹಾಗೆ ಒಂದು ಮಾತು ಹೇಳಿದರು. ಆ ಮಾತಿಂದ ಇಪ್ಪತ್ತು ವರ್ಷ ಸಂಸಾರ ಮಾಡಿದೀನಿ. ಮರದ ಪೆಟ್ಟಿಗೆಗೆ ಗಂಡ ಹೆಂಡತಿ ವಿಷಯ ಹೇಗೆ ಗೊತ್ತು ಅಂತ ಅವತ್ತಿಂದ ತಲೆ ಕೊರೀತಾ ಇದೆ."

ಹೀಗೆ ಊರಿನಲ್ಲಿ ಕೆಲಸವಿದ್ದವರೆಲ್ಲ ಬಂದು ಒರೆಸಿದರು, ಕೆಲಸವಿಲ್ಲದವರು ಯಾರೂ ಬರಲಿಲ್ಲ. ಒರೆಸುವವಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನೋಡಿದಳು. ಒಂದು ಪಟದ ಮುಂದೆ ಅರ್ಧ ದಿನ ಕೂರುತ್ತಿದ್ದಳು. ಗಿಡ್ಡ ಕಾಲಿನವನು ಮಳೆ ಬಂದ ದಿನ ಹೆಚ್ಚು ವಾಲುತ್ತಿದ್ದ, ಕಾಲು ನೋಯುತ್ತಿತ್ತೇನೋ. ಆರು ಬೆರಳಿನವಳು ಮಕ್ಕಳ ಪಟ ತೆಗೆಯುವಾಗ ಪೆಟ್ಟಿಗೆಯನ್ನು ತಗ್ಗಿಸುತ್ತಿದ್ದಳು, ಮಕ್ಕಳು ಮೇಲೆ ನೋಡಬಾರದು ಅಂತ. ಪಾತ್ರೆ ತಿಕ್ಕುವವಳನ್ನೂ ಅಧ್ಯಕ್ಷರ ಅಜ್ಜನನ್ನೂ ಅವಳು ಒಂದೇ ದೂರದಲ್ಲಿ ಕೂರಿಸಿದ್ದಳು. ಇದೆಲ್ಲ ಗೋಡೆಯ ಮೇಲೇ ಇತ್ತು. ನಾವು ದಿನಾ ಅದರ ಕೆಳಗೆ ಓಡಾಡಿದ್ದೆವು.

ಅಷ್ಟರಲ್ಲಿ ಪೆಟ್ಟಿಗೆಯವರ ಹಿಂದಿನ ಕಾಲು ನಡುಗತೊಡಗಿದವು.

ಮೊದಲು ಐದನೆಯದು, ಆಮೇಲೆ ನಾಲ್ಕನೆಯದೂ. ಮೊಣಕಾಲಿನ ಕೆಳಗೆ ಊತ ಬಂತು. ಪಟಗಳಲ್ಲಿ ಎರಡೆರಡು ಮೂಗು ಮೂಡತೊಡಗಿದವು. ಕಮಿಟಿ ಮೀಟಿಂಗ್ ಕರೆಯಿತು. ಕಾಲಿಗೂ ಒಬ್ಬ ಪಂಡಿತನಿದ್ದ, ಅವನನ್ನು ಕೇಳಿದರು. ಅವನು ಜೀವಮಾನವಿಡೀ ಮರದ ಮೂರು ಕಾಲಿನ ಮೇಲೆ ಕೆಲಸ ಮಾಡಿದವನು. ಹಿಂದಿನ ಎರಡು ಕಾಲಿನ ಮರ ಮೊದಲಿನಿಂದಲೂ ಕಳಪೆ, ಹುಳ ಬಿದ್ದಿದೆ, ಮೊಣಕಾಲಿನ ಹತ್ತಿರ ಕುಯ್ದು ತೇಗದ ಕಾಲು ಜೋಡಿಸಬೇಕು ಅಂತ ಹೇಳಿದ. ಎಲ್ಲರೂ ಒಪ್ಪಿದರು. ಬರುವ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಬಡಗಿಯನ್ನು ಕರೆಸುವುದು, ಕಾಲು ತೊಳೆಯುವವಳು ಅದಕ್ಕೆ ಮೊದಲಿನ ಸೋಮವಾರ ಚೆನ್ನಾಗಿ ತಿಕ್ಕಿ ತೊಳೆದಿರುವುದು ಅಂತ ತೀರ್ಮಾನವಾಯಿತು.

ಆ ಸೋಮವಾರ ತಂಬಿಗೆ ಹಿಡಿದು ಕೂತೆ. ಎಣ್ಣೆ, ಎಣ್ಣೆ, ಎಣ್ಣೆ. ನಾಲ್ಕನೆಯ ಕಾಲಿಗೆ ನೀರು ಹಾಕುವಾಗ ನನ್ನ ಕೈ ನಿಂತುಹೋಯಿತು. ಆ ಕಾಲಿನ ಹೆಬ್ಬೆರಳಿನ ಉಗುರು ಎಲ್ಲಿ ಸೀಳಿದೆ ಅಂತ ನನಗೆ ಗೊತ್ತು. ಯಾವ ಚಳಿಗಾಲದಲ್ಲಿ ಯಾವ ಹಿಮ್ಮಡಿ ಮೊದಲು ಒಡೆಯುತ್ತದೆ ಅಂತ ಗೊತ್ತು. ನನ್ನ ಸ್ವಂತ ಮಕ್ಕಳ ಕಾಲನ್ನೂ ನಾನು ಇಷ್ಟು ವರ್ಷ ತೊಳೆದಿಲ್ಲ. ಸುತ್ತ ಜನ ಕೈಮುಗಿದು ನಿಂತಿದ್ದರು. ನಾನು ತಲೆ ತಗ್ಗಿಸಿ, ಕಾಲಿಗೆ ಹೇಳಿದ ಹಾಗೆ, ಮೂವತ್ತು ವರ್ಷದಲ್ಲಿ ಮೊದಲನೆಯ ಸಲ ಮಾತಾಡಿದೆ.

"ಬರೋ ಸೋಮವಾರ ಬರಬೇಡ. ಹಿತ್ತಲ ಬಾಗಿಲಿಂದ ಹೋಗಿಬಿಡು."

ಬಟ್ಟೆಯೊಳಗಿಂದ ಮೆಲ್ಲಗೆ ಒಂದು ದನಿ ಬಂತು.

"ನಾನು ಬರದಿದ್ದರೆ ಇನ್ನೊಬ್ಬಳನ್ನು ತಂದು ನಿಲ್ಲಿಸ್ತಾರೆ. ಬಡಗಿ ಅವಳದು ಕುಯ್ತಾನೆ. ನೀರು ಹಾಕು, ಜನ ನೋಡ್ತಿದ್ದಾರೆ."

ನಾನು ನೀರು ಹಾಕಿದೆ. ಅಷ್ಟು ಕೆಟ್ಟ ಸೋಮವಾರ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ.

ಒಂದೇ ದಾರಿ ಇತ್ತು. ಆ ಕಾಲು ಒಬ್ಬ ಹೆಂಗಸಿನವು ಅಂತ ಬಡಗಿ ಬರುವ ಮೊದಲು ಕಮಿಟಿ ಒಪ್ಪಬೇಕು. ಒರೆಸುವವಳು ಏಳು ದಿನ ಕೂತು ಬರೆದಳು. ಇಡ್ಲಿಯವಳು ತಟ್ಟೆ ತಂದಿಟ್ಟು ಹೋಗುತ್ತಿದ್ದಳು. ಕ್ಷೌರದವನು ಅಂಗಡಿ ಮುಚ್ಚಿ ಹತ್ತೊಂಬತ್ತು ಸಾಲನ್ನೂ ಒಬ್ಬನೇ ಒರೆಸಿದ. ಊರಿನ ಗಂಡಸರ ಗಡ್ಡ ಬೆಳೆಯಿತು.

ಸೋಮವಾರ ಬಂತು. ಪಟದ ಮನೆ ತುಂಬ ಜನ. ನಡುವೆ ಪೆಟ್ಟಿಗೆಯವರು ಐದು ಕಾಲಿನ ಮೇಲೆ ನಿಂತಿದ್ದರು, ಎರಡು ನಡುಗುತ್ತಿದ್ದವು. ಮೂಲೆಯಲ್ಲಿ ಬಡಗಿ, ಅವನ ಪಕ್ಕದಲ್ಲಿ ಹೊಸ ತೇಗದ ಕಾಲು ಎರಡು, ಗರಗಸ ಒಂದು. ಅಧ್ಯಕ್ಷರ ಅಪ್ಪಣೆಯಾದ ಮೇಲೆ ಒರೆಸುವವಳು ಎದ್ದು ನಿಂತು ಓದಿದಳು. ಪಾದ ಬಿಡದ ಆರು ಬೆರಳಿನವಳ ವಿಷಯ ಓದಿದಳು. ಮಳೆಯ ದಿನ ಹೆಚ್ಚು ವಾಲಿದವನ ವಿಷಯ ಓದಿದಳು. ಜನರನ್ನು ನಗುವಿನ ಹೊಸ್ತಿಲವರೆಗೆ ಕರೆದುಕೊಂಡು ಹೋಗಿ ಅಲ್ಲೇ ನಿಲ್ಲಿಸಿ ಪಟ ತೆಗೆಯುವವಳ ವಿಷಯ ಓದಿದಳು. "ಇವಳು ಈಗಲೂ ಇಲ್ಲೇ ನಿಂತಿದ್ದಾಳೆ, ಇವಳ ಕಾಲು ನೋಯ್ತಾ ಇದೆ" ಅಂತ ಮುಗಿಸಿದಳು.

ಜನ ಚಪ್ಪಾಳೆ ತಟ್ಟಿದರು. ಪಂಡಿತರೂ ತಟ್ಟಿದರು. ಅಧ್ಯಕ್ಷರ ಕಣ್ಣಲ್ಲಿ ನೀರಿತ್ತು, ಸುಳ್ಳಲ್ಲ. ಕಮಿಟಿ ಅಲ್ಲೇ ತಲೆ ಸೇರಿಸಿ ಮಾತಾಡಿತು, ಅಧ್ಯಕ್ಷರು ಎದ್ದು ತೀರ್ಮಾನ ಓದಿದರು.

"ಈ ಸಂಶೋಧನೆ ನಮ್ಮ ಮನ ಕಲಕಿದೆ. ಪೆಟ್ಟಿಗೆಯವರ ಹಿಂದಿನ ಕಾಲುಗಳು ಇಷ್ಟು ಸೂಕ್ಷ್ಮವಾದವು ಅಂತ ನಮಗೆ ತಿಳಿದಿರಲಿಲ್ಲ. ಆದ್ದರಿಂದ ಹೊಸ ತೇಗದ ಕಾಲುಗಳ ಮೇಲೆ 'ಹಳೆಯ ಕಾಲುಗಳ ನೆನಪಿಗಾಗಿ' ಎಂದು ಹಿತ್ತಾಳೆಯ ಫಲಕ ಹಾಕಿಸುವುದು. ಕುಯ್ದ ಕಾಲುಗಳನ್ನು ಗಾಜಿನ ಕಪಾಟಿನಲ್ಲಿ ಗೌರವದಿಂದ ಇಡುವುದು. ಬಡಗಿ, ಶುರು ಮಾಡಪ್ಪ."

ಒರೆಸುವವಳು ಕಾಗದ ಹಿಡಿದುಕೊಂಡು ನಿಂತೇ ಇದ್ದಳು. ಯಾರೋ ಅವಳ ಬೆನ್ನು ತಟ್ಟಿ ಚೆನ್ನಾಗಿತ್ತು ಅಂದರು.

ಬಡಗಿ ಬಂದು ಮಂಡಿಯೂರಿದ. ಅವನು ಕೆಲಸ ಬಲ್ಲವನು. ಮೊದಲ ಕಾಲನ್ನು ಬೆರಳ ಗೆಣ್ಣಿನಿಂದ ತಟ್ಟಿ ಬೀಟೆ ಅಂದ. ಎರಡನೆಯದು ಬೀಟೆ, ಮೂರನೆಯದು ಬೀಟೆ. ನಾಲ್ಕನೆಯದನ್ನು ತಟ್ಟಿದ. ಇನ್ನೊಂದು ಸಲ ತಟ್ಟಿದ. ಕೈ ಇಟ್ಟು ಸ್ವಲ್ಪ ಹೊತ್ತು ಹಾಗೇ ಕೂತ.

"ಸ್ವಾಮಿ, ಇದು ಯಾವ ಮರ?"

"ಅದು ನಿನಗೆ ಯಾಕಪ್ಪ?"

"ಮರ ಯಾವುದು ಅಂತ ಗೊತ್ತಿಲ್ಲದೆ ಗರಗಸ ಇಡಲ್ಲ ನಾನು. ಬಿಸಿ ಇದೆ ಇದು. ಒಳಗೆ ಏನೋ ಬಡೀತಾ ಇದೆ."

"ಕರಿಬಟ್ಟೆಯ ಕೆಳಗಿರುವುದೆಲ್ಲ ಪೆಟ್ಟಿಗೆ" ಅಂದರು ಅಧ್ಯಕ್ಷರು. ಜನರೆಲ್ಲ ಅದನ್ನೇ ಹೇಳಿದರು, ಒಂದೇ ಉಸಿರಿನಲ್ಲಿ, ಶಾಲೆಯಲ್ಲಿ ಕಲಿತ ರಾಗದಲ್ಲಿ. ಬಡಗಿಯೂ ನಮ್ಮೂರಿನವನೇ. ನಿಟ್ಟುಸಿರು ಬಿಟ್ಟು ಗರಗಸ ತೆಗೆದುಕೊಂಡ.

ಆಗ ನಾನು ಏನು ಮಾಡಿದೆ ಅಂತ ನನಗೇ ಪೂರ್ತಿ ನೆನಪಿಲ್ಲ. ತಂಬಿಗೆ ಬಿದ್ದ ಸದ್ದು ನೆನಪಿದೆ. ಕಾಲು ತೊಳೆಯುವವಳು ಮೊಣಕಾಲಿನ ಮೇಲೆ ಕೈ ಒಯ್ಯಬಾರದು, ನಾನು ಒಯ್ದೆ. ಎರಡು ಕೈಯಲ್ಲೂ ಕರಿಬಟ್ಟೆಯನ್ನು ಹಿಡಿದು ಎಳೆದೆ. ಹಳೆಯ ಬಟ್ಟೆ, ದೂಳು ಹಾರಿಸಿಕೊಂಡು ನನ್ನ ತಲೆಯ ಮೇಲೆ ಬಿತ್ತು.

ಬಟ್ಟೆ ಸರಿಸಿ ನೋಡಿದರೆ ಒಬ್ಬ ಮುದುಕಿ ನಿಂತಿದ್ದಳು. ಪುಟ್ಟ ಆಳು. ನರೆತ ಜಡೆ, ಔಷಧಿ ನೀರಿನಲ್ಲಿ ಅದ್ದಿ ಅದ್ದಿ ಕಪ್ಪಾದ ಬೆರಳು. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಅವಳು ನಮ್ಮನ್ನೆಲ್ಲ ನೋಡಿದಳು. ಜನ ಛಾವಣಿ ನೋಡಿದರು, ನೆಲ ನೋಡಿದರು. ಕ್ಷೌರದವನೊಬ್ಬನೇ ನೇರವಾಗಿ ನೋಡಿ ಅಳುತ್ತಿದ್ದ.

"ಈಗ ಕುಯ್ಯಿ" ಅಂದೆ ಬಡಗಿಗೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಬಡಗಿ ತಲೆ ಕೆರೆದುಕೊಂಡ. "ಇದರ ಮೇಲೆ ಬಟ್ಟೆ ಇಲ್ಲವಲ್ಲ. ಬಟ್ಟೆ ಇಲ್ಲದ್ದು ಪೆಟ್ಟಿಗೆ ಅಲ್ಲ. ಪೆಟ್ಟಿಗೆಯ ಕಾಲು ಕುಯ್ಯೋಕೆ ನನ್ನನ್ನ ಕರೆದಿರೋದು, ಯಾರೋ ಹೆಂಗಸಿನ ಕಾಲು ಕುಯ್ಯೋಕೆ ಅಲ್ಲ." ಗರಗಸವನ್ನು ಗೋಣಿಯಲ್ಲಿ ಸುತ್ತಿದ. ತೇಗದ ಕಾಲೆರಡನ್ನು ಹೆಗಲಿಗೇರಿಸಿಕೊಂಡು ಹೊರಟುಹೋದ. ಅವನ ಮುಖದಲ್ಲಿ ಅಂಥ ನಿರಾಳ ನಾನು ಕಂಡಿರಲಿಲ್ಲ.

ನಾನು ಮುದುಕಿಯ ರಟ್ಟೆ ಹಿಡಿದೆ, ಒರೆಸುವವಳು ಇನ್ನೊಂದು ಕಡೆ ಹಿಡಿದಳು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು, ಇನ್ನೊಂದು ಹೆಜ್ಜೆ. ಪೆಟ್ಟಿಗೆ ಈಗ ಬೀಳುತ್ತದೆ ಅಂತ ಜನ ಉಸಿರು ಬಿಗಿಹಿಡಿದರು. ಪೆಟ್ಟಿಗೆ ಬೀಳಲಿಲ್ಲ. ಮೂರು ಕಾಲಿನ ಮೇಲೆ ಅಲುಗದೆ ನಿಂತಿತು.

ಅಧ್ಯಕ್ಷರು ಹತ್ತಿರ ಹೋಗಿ ಬಗ್ಗಿ ಎಣಿಸಿದರು. ಒಂದು, ಎರಡು, ಮೂರು. ಅವರ ಮುಖ ಅರಳಿತು.

"ನಡುಕ ನಿಂತಿದೆ. ಪೆಟ್ಟಿಗೆಯವರಿಗೆ ಮೂರೇ ಕಾಲು. ಇನ್ನೆರಡು ಬೇಕಾಗೇ ಇರಲಿಲ್ಲ."

ಅದೂ ಅಲ್ಲೇ ತೀರ್ಮಾನವಾಯಿತು. ಪೆಟ್ಟಿಗೆಗೆ ಎಂದೂ ಮೂರೇ ಕಾಲು. ಶಾಲೆಯ ರಾಗ ಬದಲಾಯಿಸುವುದು. ನಾಲ್ಕನೆಯ ಐದನೆಯ ಕಾಲಿನ ಬಗ್ಗೆ ಬರೆದದ್ದು ಇಲ್ಲದ ವಸ್ತುವಿನ ಬಗ್ಗೆ ಬರೆದದ್ದಾದ್ದರಿಂದ ಒರೆಸುವವಳ ಸಂಶೋಧನೆ ರದ್ದು, ಈಗಷ್ಟೇ ಮಾಡಿದ ಫಲಕದ ತೀರ್ಮಾನವೂ ರದ್ದು. ತೊಳೆಯಲು ಕಾಲಿಲ್ಲದ್ದರಿಂದ ನನ್ನ ಕೆಲಸವೂ ರದ್ದು. ಮೂರು ಸಾಲಿನಲ್ಲಿ ಮೂರು ಹೆಂಗಸರನ್ನು ಮುಗಿಸಿದರು.

ಸಂತೋಷಕ್ಕೆ ಅಧ್ಯಕ್ಷರೇ ಮೊದಲು ಪಟಕ್ಕೆ ಕೂತರಂತೆ. ರುಮಾಲು ಸರಿಮಾಡಿಕೊಂಡು, ಗದ್ದ ಎತ್ತಿ, ಅಲುಗಾಡದೆ, ಮಧ್ಯಾಹ್ನದವರೆಗೂ. ಅಪ್ಪಣೆ ಬರಲಿಲ್ಲ. ಮಾರನೆಯ ದಿನ ಕತ್ತಲಕೋಣೆಯ ಬಾಗಿಲ ಸಂದಿಯಿಂದ ಏನೂ ಹೊರಗೆ ಬರಲಿಲ್ಲ. ಮೂರು ದಿನ ಕಾದು, ಖಾಲಿ ಚೌಕಟ್ಟೊಂದಕ್ಕೆ ಹೂ ಹಾಕಿ ಗೋಡೆಗೆ ತೂಗುಹಾಕಿದರು. ಪಂಡಿತರು ಅದಕ್ಕೆ ಮೌನಯುಗ ಅಂತ ಹೆಸರಿಟ್ಟು ಅದರ ಮುಂದೆ ನಿಂತು ತಲೆದೂಗುತ್ತಿದ್ದಾರೆ. ಇಬ್ಬರು ಆಗಲೇ ಮಾತು ಬಿಟ್ಟಿದ್ದಾರೆ.

ಅವತ್ತು ನಾವು ಮುದುಕಿಯನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆವು. ಮಧ್ಯಾಹ್ನದ ಬಿಸಿಲು ಅಂಗಳಕ್ಕೆ ಬಂದಿತ್ತು. ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದೆ. ನಲವತ್ತು ವರ್ಷದಿಂದ ಹಗಲು ಹೊತ್ತು ಕೂತಿರಲಿಲ್ಲವಂತೆ. ಬೋಗುಣಿಯಲ್ಲಿ ಬಿಸಿನೀರು ತಂದು ಅವಳ ಕಾಲನ್ನು ಅದರಲ್ಲಿಟ್ಟೆ. ಅರಿಶಿನ ತರಲಿಲ್ಲ, ಉಪ್ಪು ಹಾಕಿದೆ, ಊತಕ್ಕೆ ಅದೇ ಒಳ್ಳೆಯದು. ಅಂಗಾಲು ಉಜ್ಜಿದಾಗ ಅವಳು ನಕ್ಕಳು. ನನಗೂ ನಗು ಬಂತು. ಆಮೇಲೆ ಇಬ್ಬರಿಗೂ ಅಳು ಬಂತು.

ಒರೆಸುವವಳು ರದ್ದಾದ ಕಾಗದಗಳನ್ನು ಮಡಿಲಲ್ಲಿ ಹರಡಿಕೊಂಡು ಕೂತಳು. "ಅಮ್ಮಾ, ಇದರಲ್ಲಿ ಎಲ್ಲಾ ಇದೆ, ಹೆಸರೊಂದಿಲ್ಲ" ಅಂದಳು. "ನಿಮ್ಮ ಹೆಸರು ಹೇಳಿ."

"ಸಿದ್ದಾಜಮ್ಮ."

ಮೂವತ್ತು ವರ್ಷ ತೊಳೆದ ಕಾಲಿಗೆ ಹೆಸರಿತ್ತು, ನಾನು ಕೇಳಿರಲಿಲ್ಲ. ಬೋಗುಣಿಯ ನೀರಿನಿಂದ ಕಣ್ಣು ಎತ್ತಲು ನನಗೆ ನಾಚಿಕೆಯಾಯಿತು.

"ನಿಮಗೆ ಕೆಲಸ ಕಲಿಸಿದವರು?"

"ಮರಿಮಾದಯ್ಯ. ಎಡಗಾಲು ಗಿಡ್ಡ. ಕತ್ತಲಕೋಣೇಲಿ ಕೂತು ಹಾಡು ಹೇಳ್ತಾ ಪಟ ತೊಳೀತಿದ್ದ."

"ಅವರಿಗೆ ಕಲಿಸಿದವಳು? ಆರು ಬೆರಳಿನವಳು?"

ನೀರಿನಲ್ಲಿ ಸಿದ್ದಾಜಮ್ಮನ ಬೆರಳು ಒಂದನ್ನೊಂದು ಒತ್ತಿಕೊಂಡವು.

"ಮಾದಯ್ಯ ಅವಳನ್ನ 'ನಮ್ಮವ್ವ' ಅಂತಿದ್ದ. ಹೆತ್ತವಳಲ್ಲ. ಅವಳ ವಿಷಯ ದಿನಾ ಹೇಳೋನು. ಹೆಸರು ನಾನು ಕೇಳಲಿಲ್ಲ."

ಒರೆಸುವವಳು ನನ್ನ ಕಡೆ ನೋಡಿದಳು. ನಮ್ಮತ್ತೆಯ ಅತ್ತೆ ಅವಳ ಕಾಲು ತೊಳೆದವಳು, ಆರು ಬೆರಳೂ ಎಣಿಸಿದವಳು, ಪಾಯಸ ತಿಂದವಳು. ಅವಳೂ ಕೇಳಿರಲಿಲ್ಲ. ಇನ್ನು ಕೇಳಲು ಭೂಮಿಯ ಮೇಲೆ ಯಾರೂ ಉಳಿದಿಲ್ಲ. ನಾನು ತಲೆ ಅಲ್ಲಾಡಿಸಿದೆ. ಒರೆಸುವವಳು ಆ ಜಾಗ ಖಾಲಿ ಬಿಟ್ಟಳು.

ನಾನು ಸೆರಗಿನಿಂದ ಕಾಲು ಒರೆಸುತ್ತಿರುವಾಗ ಸಿದ್ದಾಜಮ್ಮ ಬಗ್ಗಿ ನನ್ನ ಮುಖ ನೋಡಿದಳು. ಇಷ್ಟು ವರ್ಷ ಅವಳು ಕಂಡದ್ದು ಗಾಜಿನ ಕಣ್ಣಿನೊಳಗೆ ತಲೆಕೆಳಗಾದ ಊರು. ನಾನು ಅವಳ ಕಾಲ ಬುಡದಲ್ಲಿ ಕೂತವಳು, ನನ್ನನ್ನು ಅವಳು ಕಂಡೇ ಇರಲಿಲ್ಲ.

"ನಿನ್ನ ಹೆಸರೇನೇ?" ಅಂದಳು. "ಬರೆದುಕೊಳ್ಳಲಿ."

ಬಾಯಿ ತೆರೆದೆ. ಊರಿನವರಿಗೆ ನಾನು ಕಾಲು ತೊಳೆಯುವವಳು, ಮನೆಯಲ್ಲಿ ಸೊಸೆ, ಆಮೇಲೆ ಅವ್ವ, ಈಗ ಅಜ್ಜಿ. ನನ್ನನ್ನು ಹೆಸರು ಹಿಡಿದು ಕರೆದವರು ಸತ್ತು ಎಷ್ಟೋ ವರ್ಷವಾಗಿತ್ತು. ಒರೆಸುವವಳು ಪೆನ್ಸಿಲ್ ಹಿಡಿದು ಕಾಯುತ್ತಿದ್ದಳು. ಬೋಗುಣಿಯ ನೀರು ಆರುವಷ್ಟು ಹೊತ್ತು ಯೋಚಿಸಿದೆ. ಆಮೇಲೆ ಹೇಳಿದೆ.